ಐದನೆಯ ಗುಂಡಿ

ಸಕಲರ ಗಮನಕ್ಕೆ ತರುವುದೇನೆಂದರೆ, ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಹದಿಮೂರು ವರ್ಷ ಹಳೆಯದಾದ ಒಂದು ಬೂದುಬಣ್ಣದ ಪಿಕಪ್ ಗಾಡಿಯ ಸ್ಟೀರಿಂಗ್ ಮೇಲಿರುವ, ಹಾಡಿನ ಸದ್ದು ಏರಿಸುವ ಗುಂಡಿ ಕೆಲಸ ಮಾಡುತ್ತಿಲ್ಲವೆಂಬುದು ಅಧಿಕೃತವಾಗಿ ದೃಢಪಟ್ಟಿತು. ಇಳಿಸುವ ಗುಂಡಿಯದೂ ಅದೇ ಪಾಡು. ಇಷ್ಟು ಸಣ್ಣ ಕಾರಣಕ್ಕೆ ಸಾಮ್ರಾಜ್ಯಗಳು ಉರುಳಿವೆಯೋ ಇಲ್ಲವೋ ತಿಳಿಯದು. ಒಂದು ಮನೆ ಉರುಳುವುದಕ್ಕೆ ಮಾತ್ರ ಇದು ಧಾರಾಳವಾಗಿ ಸಾಕಾಗಿತ್ತು.

ದೃಢಪಡಿಸಿದವರು ವೈರಿಂಗ್ ಮೇಷ್ಟ್ರು. ಹನ್ನೊಂದು ವರ್ಷ ತರಬೇತಿ ಶಾಲೆಯಲ್ಲಿ ವಾಹನಗಳ ವೈರಿಂಗ್ ಕಲಿಸಿ, ಆಮೇಲೆ ಸ್ವಂತ ಅಂಗಡಿ ಹಾಕಿದವರು. ಪಾಠ ಬಿಟ್ಟು ಎಷ್ಟೋ ಕಾಲವಾದರೂ ಬೀದಿ ಅವರನ್ನು ಮೇಷ್ಟ್ರೆಂದೇ ಕರೆಯುತ್ತಿತ್ತು. ಅವರೂ ಗಿರಾಕಿಗಳನ್ನು ಹಿಂದಿನ ಬೆಂಚಿನವರಂತೆಯೇ ನೋಡುತ್ತಿದ್ದರು.

"ತಂಗಿ ಇಲ್ವಾ ಮೇಷ್ಟ್ರೆ?" ಗಾಡಿ ತಂದವನು ಕಿಟಕಿಯಲ್ಲಿ ಮುಖವಿಟ್ಟು ಕೇಳಿದ.

ಅವನು ಟೈಲ್ಸಿನ ಚಿಕ್ಕವನು. ಟೈಲ್ಸ್ ಅಂಗಡಿಯ ಅಣ್ಣತಮ್ಮಂದಿರಲ್ಲಿ ಉಳಿದಿದ್ದವನು. ಟೈಲ್ಸಿನ ದೊಡ್ಡವನು ಹತ್ತೊಂಬತ್ತು ದಿನಗಳ ಹಿಂದೆ ಇದೇ ಗಾಡಿಯನ್ನು ಗೋದಾಮಿನ ರಸ್ತೆಯ ಮೋರಿಕಟ್ಟೆಗೆ ಗುದ್ದಿ, ಇದೇ ಸ್ಟೀರಿಂಗಿಗೆ ಎದೆ ಒಡ್ಡಿ ಸತ್ತಿದ್ದ. ಅದರೊಳಗಿನ ಏರ್‌ಬ್ಯಾಗ್ ಬಿಚ್ಚಿಕೊಂಡಿರಲಿಲ್ಲ.

"ಮಗಳು ನಿಮ್ಮ ಗಾಡಿಗೇ ಸಾಮಾನು ತರೋಕೆ ಹೋಗಿದಾಳೆ. ಬೆಳಿಗ್ಗೆ ನೀವು ಅಂಗಡಿ ಫೋನಿಗೆ ಹೇಳಿದ್ರಲ್ಲ. ಯಾಕೆ, ನಾನಾದ್ರೆ ಆಗಲ್ವಾ?"

"ಅಯ್ಯೋ, ಹಾಗಲ್ಲ. ಕಣ್ಣು ಆಪರೇಷನ್ ಆಯ್ತಂತಲ್ಲ. ನಿಮಗ್ಯಾಕೆ ಸುಮ್ನೆ ತೊಂದ್ರೆ ಅಂತ."

"ಎರಡೂ ಕಣ್ಣಿನ ಪೊರೆ ತೆಗೆಸಿ ಬಂದೆ. ಎರಡು ತಿಂಗಳು ಅಂಗಡಿ ಕಡೆ ತಲೆ ಹಾಕಿರ್ಲಿಲ್ಲ. ಈಗ ಕಾಣಬಾರದ್ದೆಲ್ಲಾ ಕಾಣುತ್ತೆ."

ಚಿಕ್ಕವನು ನಕ್ಕ. ನಗು ಬರಬೇಕಾದ ಜಾಗಕ್ಕಿಂತ ಒಂದು ಗಳಿಗೆ ತಡವಾಗಿ ಬಂತು.

"ಇನ್ನೊಂದು ಮಾತು. ಹಳೇ ಸಾಮಾನು ಒಂದೂ ಬಿಡದೆ ವಾಪಸ್ ಕೊಡಿ. ವೈರಿನ ಚೂರಿದ್ರೂ ಸರಿ."

ತೆಗೆದ ಹಳೆಯ ಸಾಮಾನನ್ನು ಹೊಸದರ ಡಬ್ಬಿಯಲ್ಲಿ ಹಾಕಿ ಗಿರಾಕಿಯ ಕೈಗಿಡುವುದು ಅಂಗಡಿಯ ಪದ್ಧತಿಯೇ. ಬಹಳಷ್ಟು ಮಂದಿ ಆ ಡಬ್ಬಿಯನ್ನು ಹೊಸಿಲು ದಾಟುವ ಮೊದಲೇ ಮರೆತು ಹೋಗುತ್ತಾರೆ. ವೈರಿನ ಚೂರು ಕೇಳಿದ ಗಿರಾಕಿ ಇವನೇ ಮೊದಲು.

ಚಿಕ್ಕವನು ಎದುರಿನ ಟೀ ಅಂಗಡಿಗೆ ಹೋಗಿ ಕುಳಿತ. ಮೇಷ್ಟ್ರು ಗಾಡಿಯೊಳಗೆ ಹತ್ತಿ ಕುಳಿತರು.

ಗಾಡಿಯಲ್ಲಿ ಹೊಸ ಪೇಂಟಿನ ವಾಸನೆ. ಬಂಪರ್ ಹೊಸದು, ರೇಡಿಯೇಟರ್ ಹೊಸದು, ಸ್ಟೀರಿಂಗಿಗೆ ಬಿಗಿಯಾಗಿ ಹೊಲಿಸಿದ ಕಪ್ಪು ಚರ್ಮದ ಕವರೂ ಹೊಸದು. ಮೇಷ್ಟ್ರು ಕವರಿನ ಮೇಲೆ ಬೆರಳಾಡಿಸಿದರು. ಕೆಳಗಿನ ಅಂಚಿನಲ್ಲಿ, ಎದೆಯ ನೇರಕ್ಕೆ, ಚಕ್ರ ಒಂದು ಎಳೆಯಷ್ಟು ಒಳಕ್ಕೆ ಬಾಗಿತ್ತು. ಕಣ್ಣಿಗೆ ಕಾಣದು, ಕೈಗೆ ಮಾತ್ರ ಸಿಗುತ್ತದೆ. ಅವರು ಬೆರಳು ಹಿಂತೆಗೆದರು.

ಎಡಗಡೆಯ ಗುಂಡಿಗಳಲ್ಲಿ ಸದ್ದು ಏರಿಸುವ ಗುಂಡಿಯ ಮೇಲಿನ ಗುರುತು ಪೂರ್ತಿ ಸವೆದುಹೋಗಿತ್ತು. ದೊಡ್ಡವನಿಗೆ ಹಾಡು ಜೋರಾಗಿರಬೇಕಿತ್ತು. ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಅವನ ಹೆಬ್ಬೆರಳು ಹದಿಮೂರು ವರ್ಷ ಒತ್ತಿ ಒತ್ತಿ ಮಾಡಿದ ತಗ್ಗು ರಬ್ಬರಿನಲ್ಲಿ ಹಾಗೇ ಉಳಿದಿತ್ತು.

"ಒಳಗೆ ಬರಬಹುದಾ, ಇಲ್ಲಾ ಚಪ್ಪಲಿ ಬಿಡಬೇಕಾ?"

ಬಾಗಿಲಲ್ಲಿ ಫ್ಲಾಸ್ಕಮ್ಮ. ವಿಮೆ ಕಂಪನಿಯ ತನಿಖೆಯವರು; ಐವತ್ತು ದಾಟಿದ ಹೆಂಗಸು. ಹೊರಗಿನ ಟೀ ಮುಟ್ಟದೆ, ಸ್ಟೀಲ್ ಫ್ಲಾಸ್ಕನ್ನು ಮಗುವಿನಂತೆ ಬಗಲಲ್ಲಿಟ್ಟುಕೊಂಡು ಓಡಾಡುತ್ತಿದ್ದುದರಿಂದ ಬೀದಿ ನಾಮಕರಣಕ್ಕೆ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ದೊಡ್ಡವನ ಸಾವಿನ ಕಡತ ಅವರ ಕೈಯಲ್ಲಿತ್ತು.

"ಗ್ಯಾರೇಜಿಗೆ ಚಪ್ಪಲಿ ಬಿಟ್ಟು ಬರೋವರು ನೀವೊಬ್ಬರೇ ಆಗ್ತೀರಿ," ಎಂದರು ಮೇಷ್ಟ್ರು. "ಬನ್ನಿ. ಸ್ಟೂಲಿದೆ."

"ಸೋಮವಾರ ಈ ಗಾಡಿ ನಮ್ಮ ಕಂಪನಿ ಅಂಗಳದಲ್ಲಿ ತಪಾಸಣೆಗೆ ಬರಬೇಕು ಅಂತ ನೋಟಿಸು ಕೊಟ್ಟಿದೀನಿ. ಕೊಟ್ಟ ಮಾರನೇ ದಿನವೇ ಇವರಿಗೆ ಹಾಡು ಜೋರಾಗಿ ಕೇಳೋ ಆಸೆ ಹುಟ್ಟಿದೆ. ಅಣ್ಣ ಹೋಗಿ ಇನ್ನೂ ತಿಂಗಳಾಗಿಲ್ಲ." ಫ್ಲಾಸ್ಕಮ್ಮ ಸ್ಟೂಲಿನ ಮೇಲೆ ಕರ್ಚೀಫು ಹಾಸಿ ಕುಳಿತರು. "ಸಂಗೀತ ಪ್ರೇಮಿಗಳನ್ನ ಕಂಡ್ರೆ ನನಗೆ ಕುತೂಹಲ ಜಾಸ್ತಿ. ನೀವು ಕೆಲಸ ಮಾಡಿ. ನಾನು ಸುಮ್ನೆ ನೋಡ್ತೀನಿ."

ಸುಮ್ಮನೆ ನೋಡುವವರನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಆದರೂ ಮತ್ತೊಮ್ಮೆ ಕೀಲಿ ತಿರುಗಿಸಿದರು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿದವು. ಸ್ಟೀರಿಯೋದ ಕಿರಿದಾದ ಹಸಿರು ಪರದೆ ಕಣ್ಣು ಬಿಟ್ಟು, ರಸ್ತೆಯಾಚೆ ಟೀ ಕುಡಿಯುತ್ತಿದ್ದವನ ಫೋನಿಗಾಗಿ ಹುಡುಕಾಡಿ, ದೂರವಾಯಿತೆಂದು ಸುಮ್ಮನಾಯಿತು.

"ಈ ಐದು ಬಟನ್ನು ಯಾತಕ್ಕೆ?" ಸ್ಟೂಲಿನಿಂದಲೇ ಪ್ರಶ್ನೆ ಬಂತು.

"ಒಂದು ಸದ್ದು ಏರಿಸೋಕೆ, ಒಂದು ಇಳಿಸೋಕೆ. ಇದು ಹಾಡು ಬದಲಾಯಿಸೋಕೆ. ಇದು ಬಾಯಿ ಮುಚ್ಚಿಸೋಕೆ. ಕೊನೇದು ಫೋನಿಂದು. ಜೇಬಲ್ಲಿರೋ ಫೋನಿಂದ ಕಡೇ ಸಲ ಯಾರಿಗೆ ಮಾಡಿದ್ರೋ, ಒತ್ತಿದ್ರೆ ಅವರಿಗೇ ಹೋಗುತ್ತೆ."

"ಬಾಯಿ ಮುಚ್ಚಿಸೋ ಬಟನ್ನು ಮನೆಗೂ ಸಿಗುತ್ತಾ?"

ಮೇಷ್ಟ್ರು ನಗಲಿಲ್ಲ. ಅವರ ಕಣ್ಣು ಡ್ಯಾಶ್‌ಬೋರ್ಡಿನ ಒಂದು ಕೆಂಪು ದೀಪದ ಮೇಲಿತ್ತು. ಕೂತ ಮನುಷ್ಯ, ಅವನ ಎದುರು ಒಂದು ಉಂಡೆ: ಏರ್‌ಬ್ಯಾಗಿನ ಗುರುತು. ಅದು ಹೊತ್ತಿತು. ಆರು ಎಣಿಸುವಷ್ಟರಲ್ಲಿ, ಎಲ್ಲಾ ಕ್ಷೇಮ ಎಂಬಂತೆ, ಆರಿತು.

"ಹೂಂ," ಎಂದರು ಮೇಷ್ಟ್ರು.

"ಏನು ಹೂಂ?"

"ಈ ಚಕ್ರ ತಿರುಗ್ತಾನೇ ಇರುತ್ತೆ. ಒಳಗಿನ ಬಟನ್‌ಗಳಿಗೆ ಕರೆಂಟು ಹೋಗಬೇಕಲ್ಲ? ಅದಕ್ಕೆ ಒಳಗೊಂದು ತೆಳ್ಳಗಿನ ಪಟ್ಟಿ ಇರುತ್ತೆ, ಗಡಿಯಾರದ ಸ್ಪ್ರಿಂಗಿನ ಥರ ಸುತ್ತಿರ್ತಾರೆ. ಕ್ಲಾಕ್ ಸ್ಪ್ರಿಂಗ್ ಅಂತೀವಿ. ಐದೂ ಬಟನ್ನು ಸತ್ತಿವೆ, ಹಾರ್ನೂ ಸತ್ತಿದೆ. ನೋಡಿ, ಹಾರ್ನಿಗೆ ಯಾರೋ ಪಕ್ಕದಲ್ಲಿ ಬೇರೆ ಬಟನ್ ಹಾಕಿಕೊಟ್ಟಿದಾರೆ. ಅಂದ್ರೆ ಆ ಪಟ್ಟಿ ಹರಿದಿದೆ."

"ಸರಿ."

"ಏರ್‌ಬ್ಯಾಗಿಗೆ ಹೋಗೋ ವೈರೂ ಅದೇ ಪಟ್ಟೀಲೇ ಇರೋದು. ಪಟ್ಟಿ ಹರಿದ್ರೆ ಕೆಂಪು ದೀಪ ಆರಲೇಬಾರದು. ಇದು ಆರ್ತಿದೆ."

ಫ್ಲಾಸ್ಕಮ್ಮ ಟೀ ಬಗ್ಗಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು. "ಅಂದ್ರೆ ದೀಪ ಸುಳ್ಳು ಹೇಳ್ತಿದೆ."

"ದೀಪಕ್ಕೆ ಸುಳ್ಳು ಹೇಳೋಕೆ ಬರಲ್ಲ ಮೇಡಂ. ಯಾರೋ ಕಲಿಸಿದಾರೆ."

ಒಳ್ಳೆಯ ಮಾತು ಆಡಿದೆನೆಂಬ ಸಣ್ಣ ಖುಷಿ ಮೇಷ್ಟ್ರಿಗೆ ಆಯಿತು. ಇನ್ನು ಅರ್ಧ ಗಂಟೆಯಲ್ಲಿ ಆ ಮಾತನ್ನು ವಾಪಸ್ ನುಂಗುವುದಕ್ಕೆ ಏನು ಬೇಕಾದರೂ ಕೊಡಲು ಅವರು ಸಿದ್ಧರಿರುತ್ತಾರೆಂದು ಆಗ ಅವರಿಗೆ ಗೊತ್ತಿರಲಿಲ್ಲ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಕಾದರು. ಕಾಯದೆ ಏರ್‌ಬ್ಯಾಗಿಗೆ ಕೈ ಹಾಕಿದರೆ ಅದು ಮುಖಕ್ಕೇ ಸಿಡಿಯಬಹುದು. ಆಮೇಲೆ ಚಕ್ರದ ಹಿಂದಿನ ಎರಡು ಬೋಲ್ಟು ಸಡಿಲಿಸಿ ನಡುವಿನ ಮುಚ್ಚಳವನ್ನು ಎತ್ತಿದರು. ಅದರ ಹಿಂದೆಯೇ ಮಡಚಿಟ್ಟ ಏರ್‌ಬ್ಯಾಗ್. ಹಳದಿ ಪ್ಲಗ್ಗು ಕಳಚಿ ಅದನ್ನು ಬೆಂಚಿನ ಮೇಲೆ ಮುಖ ಮೇಲೆ ಮಾಡಿ ಮಲಗಿಸಿದರು. ಒಬ್ಬ ಮನುಷ್ಯನನ್ನು ಉಳಿಸಬೇಕಾಗಿದ್ದ ವಸ್ತು, ಒಂದು ಮಡಿಕೆಯೂ ಮಾಸದೆ, ಹೊಸ ದಿಂಬಿನಂತೆ ಸೂರು ನೋಡುತ್ತ ಬಿದ್ದಿತ್ತು.

ಚಕ್ರಕ್ಕೂ ದಂಡಕ್ಕೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದುಕೊಂಡು ಮೇಷ್ಟ್ರು ಚಕ್ರ ಕಿತ್ತರು. ಕ್ಲಾಕ್ ಸ್ಪ್ರಿಂಗಿನ ಡಬ್ಬಿ ಅಲ್ಲಾಡಿಸಿದಾಗ ಒಳಗೆ ಒಣಗಿದ ಎಲೆಯ ಸದ್ದು. ಪಟ್ಟಿ ಹರಿದು ಎಷ್ಟೋ ದಿನವಾಗಿತ್ತು.

ಆಮೇಲೆ ಅವರು ಟಾರ್ಚು ಹಿಡಿದು ಸ್ಟೀರಿಂಗ್ ದಂಡದ ಕೆಳಗೆ ತಲೆ ತೂರಿಸಿದರು. ಏರ್‌ಬ್ಯಾಗಿನ ಹಳದಿ ವೈರು ಪೆಡಲುಗಳ ಮೇಲೆ ಇಳಿಯುವಲ್ಲಿ, ಯಾರೂ ನೋಡದ ಜಾಗದಲ್ಲಿ, ಹೆಬ್ಬೆರಳುದ್ದ ಕಪ್ಪು ಟೇಪಿನ ಸುತ್ತು. ಅಂದವಾದ ಸುತ್ತು. ಕೈ ತಾನಾಗಿ ತುದಿಗೆ ಹೋಯಿತು, ಒಂದೇ ಎಳೆತಕ್ಕೆ ಬಿಚ್ಚಿತು. ಒಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರ್.

ಕಳ್ಳ ಇದೇ. ಏರ್‌ಬ್ಯಾಗ್ ತನ್ನ ಜಾಗದಲ್ಲಿ ನೆಟ್ಟಗಿದೆಯೆಂದು ಗಾಡಿಯನ್ನು ನಂಬಿಸುವ ಚೂರು.

ಆದರೆ ಮೇಷ್ಟ್ರು ನೋಡುತ್ತಿದ್ದುದು ಅದನ್ನಲ್ಲ, ಕೈಯಲ್ಲಿದ್ದ ಟೇಪನ್ನು.

ಅದರ ತುದಿಯನ್ನು ಒಂದು ಕಾಳಿನಷ್ಟು ಒಳಕ್ಕೆ ಮಡಚಲಾಗಿತ್ತು. ಮುಂದೆ ಬಿಚ್ಚುವವನು ತುದಿ ಹುಡುಕುತ್ತ ಉಗುರು ಮುರಿದುಕೊಳ್ಳಬಾರದೆಂದು ಮಾಡುವ ಮರ್ಯಾದೆ ಅದು. ತರಬೇತಿ ಶಾಲೆಯಲ್ಲಿ ಹನ್ನೊಂದು ವರ್ಷ ಹುಡುಗರ ಬೆರಳಿಗೆ ಸ್ಕೇಲಿನಲ್ಲಿ ಬಾರಿಸಿ ಅವರು ಕಲಿಸಿದ್ದು. ಹಾಗೆ ಮಡಚುವವರು ಊರಲ್ಲಿ ಮೂವತ್ತು ನಲವತ್ತು ಮಂದಿ ಇದ್ದಾರು. ಆದರೆ ಸುತ್ತು ಬಲದಿಂದ ಎಡಕ್ಕೆ ಬಂದಿರಲಿಲ್ಲ. ಎಡದಿಂದ ಬಲಕ್ಕೆ ಹೋಗಿತ್ತು.

ಅವರ ಶಿಷ್ಯರಲ್ಲಿ ಎಡಗೈಯವಳು ಒಬ್ಬಳೇ. ಅವಳು ತರಬೇತಿ ಶಾಲೆಗೆ ಹೋದವಳಲ್ಲ. ಆರನೇ ವಯಸ್ಸಿನಲ್ಲಿ ಇದೇ ಬೆಂಚಿನ ಮೇಲೆ ಕೂತು, ಕಾಲು ಆಡಿಸುತ್ತ, ಟೇಪು ಮಡಚಲು ಕಲಿತಳು.

"ಏನಾದ್ರೂ ಸಿಕ್ತಾ?" ಸ್ಟೂಲಿನಿಂದ ಪ್ರಶ್ನೆ.

ಮೇಷ್ಟ್ರು ಟೇಪನ್ನು ಉಂಡೆ ಮಾಡಿ ಮುಷ್ಟಿಯಲ್ಲಿ ಹಿಡಿದರು. ರೆಸಿಸ್ಟರನ್ನು ಮಾತ್ರ ಹೊರಗೆ ಚಾಚಿದರು.

"ಇದು. ದೀಪಕ್ಕೆ ಸುಳ್ಳು ಕಲಿಸಿದ್ದು."

"ಯಾರ ಕೈಕೆಲಸ?"

"ಯಾರೋ. ದಾರೀಲಿ ಹೋಗೋ ಮೆಕ್ಯಾನಿಕ್ಕು."

ಫ್ಲಾಸ್ಕಮ್ಮ ರೆಸಿಸ್ಟರನ್ನು ಕಾಗದದಲ್ಲಿ ಸುತ್ತಿ, ಫ್ಲಾಸ್ಕಿನ ಖಾಲಿ ಮುಚ್ಚಳದೊಳಗಿಟ್ಟು, ಮುಚ್ಚಳ ತಿರುಗಿಸಿದರು.

"ಒಂದು ಅನುಮಾನ ಮೇಷ್ಟ್ರೆ. ನಮ್ಮನೇಲಿ ಟೇಪಿನ ಸುರುಳಿ ಇದೆ. ತುದಿ ಹುಡುಕೋದ್ರಲ್ಲೇ ಅರ್ಧ ಆಯುಷ್ಯ ಕಳೆದೆ. ನೀವು ಕತ್ತಲಲ್ಲಿ, ತಲೆಕೆಳಗಾಗಿ, ಒಂದೇ ಸಲಕ್ಕೆ ಹಿಡಿದ್ರಿ. ಹುಡುಕಲೇ ಇಲ್ಲ."

"ಅನುಭವ."

"ಅನುಭವ," ಎಂದು ಫ್ಲಾಸ್ಕಮ್ಮ ಒಪ್ಪಿಕೊಂಡರು. "ಮುಷ್ಟೀಲಿರೋದೂ ಅನುಭವಾನಾ?"

ಅಷ್ಟರಲ್ಲಿ ಹಿತ್ತಿಲ ಬಾಗಿಲು ಕಿರುಗುಟ್ಟಿತು. ಮಗಳು ಬಂದಳು. ಕೈಯಲ್ಲಿ ಹೊಸ ಸಾಮಾನಿನ ಎರಡು ಡಬ್ಬಿ. ಯಾವತ್ತೂ ಮುಂಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಒಳಗೆ ನುಗ್ಗುವವಳು ಇವತ್ತು ಹಿಂದಿನಿಂದ ಬಂದಿದ್ದಳು. ಸ್ಟೂಲಿನ ಮೇಲಿನ ಅಪರಿಚಿತೆಯನ್ನು ಕಂಡು, ಇವರು ಯಾರು ಎಂದು ಕೇಳಲೂ ಇಲ್ಲ.

"ಒಳಗೆ ಬಾ. ಸ್ಕ್ರೂಗಳ ಡಬ್ಬಿ ಸಿಗ್ತಿಲ್ಲ," ಎಂದರು ಮೇಷ್ಟ್ರು. ಸ್ಕ್ರೂಗಳ ಡಬ್ಬಿ ಅವರ ಮೊಣಕೈ ಪಕ್ಕದಲ್ಲಿಯೇ ಇತ್ತು. ಫ್ಲಾಸ್ಕಮ್ಮ ಅದನ್ನು ನೋಡಿದರು. ನೋಡಿದೆನೆಂದು ಹೇಳದಿರುವ ಸೌಜನ್ಯ ತೋರಿದರು.

ಸಾಮಾನಿನ ಕೋಣೆಯಲ್ಲಿ ಹಳೆಯ ಡೈನಮೋಗಳ ನಡುವೆ ಇಬ್ಬರು ನಿಲ್ಲುವಷ್ಟೇ ಜಾಗ. ಮೇಷ್ಟ್ರು ಬಾಗಿಲು ಮುಂದೆ ಮಾಡಿ ಮುಷ್ಟಿ ಬಿಚ್ಚಿದರು.

ಮಗಳು ಟೇಪಿನ ಉಂಡೆ ನೋಡಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಅಪ್ಪನಿಗೆ ಅದೇ ಹೆಚ್ಚು ಹೆದರಿಕೆ ತಂದಿತು.

"ನಂದೇ," ಎಂದಳು.

"ಯಾವಾಗ?"

"ನೀವು ಕಣ್ಣಿನ ಆಸ್ಪತ್ರೇಲಿದ್ದಾಗ. ಚಿಕ್ಕವರು ಗಾಡಿ ತಂದ್ರು. ಕ್ಲಾಕ್ ಸ್ಪ್ರಿಂಗ್ ಹರಿದಿತ್ತು. ಹಳೇ ಮಾಡೆಲ್, ಸಾಮಾನು ಬರೋಕೆ ಒಂದು ತಿಂಗಳು ಅಂದ್ರು ಅಂಗಡಿಯೋರು. ಅಲ್ಲೀವರೆಗೆ ಕೆಂಪು ದೀಪ ಕಣ್ಣು ಕುಕ್ಕುತ್ತೆ, ಅಣ್ಣನಿಂದ ಬೈಗುಳ ಬರುತ್ತೆ, ಆರಿಸಿಕೊಡಿ ಅಂದ್ರು."

"ಆರಿಸಿಕೊಟ್ಟೆ."

"ಹೂಂ."

"ಏರ್‌ಬ್ಯಾಗಿನ ದೀಪ. ಮನೆ ಜಗುಲಿ ದೀಪ ಆರಿಸಿದ ಹಾಗೆ." ಮೇಷ್ಟ್ರ ದನಿ ಏರಲಿಲ್ಲ, ಹೊರಗೆ ಸ್ಟೂಲಿತ್ತು. "ಒಬ್ಬ ಮನುಷ್ಯ ಸತ್ತಿದಾನೆ, ಗೊತ್ತಲ್ಲ ನಿನಗೆ? ಸ್ಟೀರಿಂಗು ಬಾಗಿದೆ. ಅವನ ಎದೆಗೆ."

"ಗೊತ್ತಪ್ಪ! ಹತ್ತೊಂಬತ್ತು ದಿನದಿಂದ ಅದೇ ತಾನೆ ನನ್ನ ತಲೇಲಿರೋದು! ಊಟ ಸೇರ್ತಿಲ್ಲ ಅಂದ್ರೆ ಅಮ್ಮ ಉಪ್ಪು ಜಾಸ್ತಿ ಆಯ್ತಾ ಅಂತ ಕೇಳ್ತಾಳೆ." ಅವಳು ಏಪ್ರನ್ನಿನ ತುದಿಯನ್ನು ಹಿಂಡುತ್ತಿದ್ದಳು, ಎಡಗೈಯಲ್ಲಿ. "ನಾನು ಸುಮ್ನೆ ಮಾಡಿಲ್ಲ. ಚೀಟಿ ಬರೆದಿಟ್ಟೆ. 'ಏರ್‌ಬ್ಯಾಗ್ ಕೆಲಸ ಮಾಡುತ್ತಿಲ್ಲ. ನಿಧಾನವಾಗಿ ಓಡಿಸಿ. ಹೊಸ ಸಾಮಾನು ಬರುವವರೆಗೆ ಮಾತ್ರ.' ಬಿಸಿಲಿಗೆ ಇಳಿಸ್ತಾರಲ್ಲ, ಆ ವೈಸರ್ ಒಳಗಡೆ ಅಂಟಿಸಿದೆ. ದೊಡ್ಡವರ ಕಣ್ಣೆದುರಿಗೇ."

"ಕೆಲಸದ ಪುಸ್ತಕದಲ್ಲಿ ಯಾಕೆ ಇಲ್ಲ?"

"ಅರ್ಧ ಕೆಲಸ. ಮುಗಿದ ಮೇಲೆ ಬರೆಯೋಣ ಅಂತ."

"ಅರ್ಧ ಕೆಲಸ ಬರೆದಿಡೋಕೇ ಪುಸ್ತಕ ಇರೋದು. ಮುಗಿದಿದ್ದು ತಾನೇ ಓಡಾಡಿಕೊಂಡಿರುತ್ತೆ."

ಅವಳು ತಲೆ ತಗ್ಗಿಸಿದಳು. ಮೇಷ್ಟ್ರು ಅವಳ ನೆತ್ತಿಯನ್ನೇ ನೋಡಿದರು. ಅಂಗಡಿಯೊಳಗೆ ಎಂದೂ ಬಾಯಿಗೆ ಬಾರದ ಹೆಸರು ಬಂತು, ಮನೆಯೊಳಗಿನದು, ಹೊರಗಿನ ಯಾರ ಕಿವಿಗೂ ಬೀಳದ್ದು. ಏಳನೇ ತಿಂಗಳಲ್ಲೇ ಹುಟ್ಟಿ ಅಂಗೈಯಗಲ ಇದ್ದಾಗ ಅವರೇ ಇಟ್ಟದ್ದು.

"ಗುಬ್ಬಿ. ಒಂದೇ ಒಂದು ಕೇಳ್ತೀನಿ. ಸತ್ಯ ಹೇಳು. ಆ ಚಿಕ್ಕವನಿಗೂ ನಿನಗೂ ಏನಾದ್ರೂ ಮಾತಾಗಿತ್ತಾ? ದೀಪ ಆರಿಸೋದು ಬಿಟ್ಟು ಬೇರೆ?"

"ಇಲ್ಲಪ್ಪ."

"ಆಮೇಲೆ?"

"ಆವತ್ತು ಗಾಡಿ ತಗೊಂಡು ಹೋದ್ರು. ಅಷ್ಟೇ. ಆ ಮೇಲೆ ಒಂದು ಮಾತು ಆಡಿಲ್ಲ. ಅವರ ನಂಬರ್ ಕೂಡ ನನ್ನ ಹತ್ರ ಇಲ್ಲ, ಅವರ ಹತ್ರ ನಂದೂ ಇಲ್ಲ."

"ಆಣೆಗೂ?"

"ನಿಮ್ಮ ಕಣ್ಣಾಣೆಗೂ."

ಮೇಷ್ಟ್ರು ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ಗಾಡಿ ಹತ್ತಿ ಚಾಲಕನ ಎದುರಿನ ವೈಸರನ್ನು ಕೆಳಗಿಳಿಸಿದರು.

ಚೀಟಿ ಇರಲಿಲ್ಲ. ಆದರೆ ಅಂಗೈಯಗಲದ ಒಂದು ಚೌಕದಲ್ಲಿ ಗೋಂದಿನ ಕಲೆ ಇತ್ತು. ಒಂದು ಮೂಲೆಯಲ್ಲಿ ಕಾಗದದ ಚಿಂದಿ ಅಂಟಿಕೊಂಡೇ ಇತ್ತು. ಅದರ ಮೇಲೆ ನೀಲಿ ಶಾಯಿಯ ಒಂದು 'ತ್ರ' ಮತ್ತು ಪೂರ್ಣವಿರಾಮ. ಎಡಗೈಯವರ ಓರೆ ಬರಹ. ಮಗಳು ಅಂಟಿಸಿದ್ದಳು. ಕಿತ್ತವರು ಬೇರೆ.

ಮೇಷ್ಟ್ರು ಉಸಿರು ಬಿಟ್ಟರು.

"ನಾನೂ ನೋಡಿದೆ ಅದನ್ನ. ಮೊನ್ನೆ ಗುರುವಾರವೇ," ಎಂದರು ಫ್ಲಾಸ್ಕಮ್ಮ, ಫ್ಲಾಸ್ಕಿನ ಮೇಲೆ ಕೈಯಿಟ್ಟುಕೊಂಡು. "ಬರೆದೋರು ಯಾರು ಅಂತ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು. ನಿಮ್ಮ ಕೋಣೆ ಬಾಗಿಲು ಸರಿಯಾಗಿ ಮುಚ್ಚಲ್ಲ ಮೇಷ್ಟ್ರೆ."

ಮೇಷ್ಟ್ರು ವೈಸರನ್ನು ಮೇಲಕ್ಕೆ ಮಡಚಿದರು.

"ಹೆದರ್ಕೋಬೇಡಿ. ಅವಳು ಚೀಟಿ ಬರೆದಿದ್ರೆ ಅದು ದಡ್ಡತನ. ದಡ್ಡತನಕ್ಕೆ ಕಂಪನೀಲಿ ಬೇರೆ ಫಾರಮ್ಮು ಇದೆ. ಆದರೆ ಕಿತ್ತೋನ ಕತೆ ಬೇರೆ. ಕೆಲಸ ಮುಗಿಸಿ. ಗಾಡಿ ಹೇಳಬೇಕಾದ್ದು ಹೇಳಿಯಾಯ್ತು, ಇನ್ನು ಮನುಷ್ಯರು ಹೇಳ್ತಾರೆ."

ಅಪ್ಪ ಮಗಳು ಸೇರಿ ಕೆಲಸ ಮುಗಿಸಿದರು. ಮುಂದಿನ ಗಾಲಿಗಳು ನೇರವಿರುವುದನ್ನು ನೋಡಿಕೊಂಡು, ಹೊಸ ಕ್ಲಾಕ್ ಸ್ಪ್ರಿಂಗನ್ನು ಸರಿಯಾಗಿ ನಡುವಿಗೆ ತಂದು ಕೂರಿಸಿದರು. ನಡು ತಪ್ಪಿದರೆ ಮೊದಲ ದೊಡ್ಡ ತಿರುವಿನಲ್ಲೇ ಅದೂ ಹರಿಯುತ್ತದೆ. ಹೊಸ ಗುಂಡಿಗಳ ಪಟ್ಟಿ. ಬಿಳಿ ಗೆರೆಗೆ ಗೆರೆ ಸೇರಿಸಿ ಚಕ್ರ. ಕೊನೆಗೆ ಏರ್‌ಬ್ಯಾಗ್. ಮಗಳು ಸ್ಪ್ಯಾನರ್ ಕೇಳುವ ಮೊದಲೇ ಅಪ್ಪ ಕೊಡುತ್ತಿದ್ದರು, ಅಪ್ಪ ಕೈ ಚಾಚುವ ಮೊದಲೇ ಮಗಳು ಸ್ಕ್ರೂ ಇಡುತ್ತಿದ್ದಳು. ಆ ಇಪ್ಪತ್ತೈದು ನಿಮಿಷ ಮೇಷ್ಟ್ರಿಗೆ ಏನೂ ಆಗಿಲ್ಲವೆಂದೇ ಅನಿಸಿತು.

ಐದೂವರೆಗೆ ಚಿಕ್ಕವನು ರಸ್ತೆ ದಾಟಿ ಬಂದ. ಫ್ಲಾಸ್ಕಮ್ಮನಿಗೆ ಕೈ ಮುಗಿದ. ಮಗಳ ಕಡೆ ನೋಡಲಿಲ್ಲ. ಮಗಳೂ ನೋಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಇರುವುದಕ್ಕೆ ತುಸು ಹೆಚ್ಚೇ ಶ್ರಮಪಟ್ಟರೆಂದು ಮೇಷ್ಟ್ರ ಹೊಸ ಕಣ್ಣಿಗೆ ಕಂಡಿತು. ಕಣ್ಣನ್ನೇ ಬೈದುಕೊಂಡರು.

"ಆಯ್ತಾ ಮೇಷ್ಟ್ರೆ? ಹಳೇ ಸಾಮಾನು?"

ಮೇಷ್ಟ್ರು ಡಬ್ಬಿ ಕೊಟ್ಟರು. ಅವನು ಅಲ್ಲೇ ತೆರೆದು ಕೆದಕಿದ. ಹರಿದ ಕ್ಲಾಕ್ ಸ್ಪ್ರಿಂಗು. ಹೆಬ್ಬೆರಳ ತಗ್ಗಿನ ಹಳೆಯ ಗುಂಡಿ. ಇನ್ನೊಂದು ಸಲ ಕೆದಕಿದ.

"ಇಷ್ಟೇನಾ?"

"ಇನ್ನೇನಿರಬೇಕಿತ್ತು?" ಸ್ಟೂಲಿನಿಂದ, ಬಹಳ ಮೆತ್ತಗೆ.

"ಏನಿಲ್ಲ, ಏನಿಲ್ಲ." ಅವನು ಡಬ್ಬಿ ಮುಚ್ಚಿದ. "ಕೀಲಿ ಕೊಡಿ, ಹೊರಡ್ತೀನಿ."

"ಒಂದು ನಿಮಿಷ. ಟೆಸ್ಟ್ ಮಾಡದೆ ಗಾಡಿ ಬಿಡಲ್ಲ ನಾನು."

ಮೇಷ್ಟ್ರ ನಿಯಮ ಅದು. ಹಾಕಿದ ಪ್ರತಿ ಗುಂಡಿಯನ್ನೂ ಮೂರು ಸಲ ಒತ್ತದೆ ಈ ಅಂಗಡಿಯಿಂದ ಒಂದು ಗಾಡಿಯೂ ಹೊರಗೆ ಹೋಗಿರಲಿಲ್ಲ. ಮದುವೆಗೆ ಹೊರಟವರನ್ನೂ ಹಾಗೇ ನಿಲ್ಲಿಸಿದ್ದುಂಟು, ಬೈಗುಳ ತಿಂದದ್ದುಂಟು.

ಕೀಲಿ ತಿರುಗಿಸಿದರು. ಕೆಂಪು ದೀಪ ಹೊತ್ತಿ, ಆರು ಎಣಿಸುವಷ್ಟರಲ್ಲಿ ಆರಿತು. ಈ ಸಲ ನಿಜ ಹೇಳಿ ಆರಿತು. ಸ್ಟೀರಿಯೋದ ಹಸಿರು ಪರದೆ ಕಣ್ಣು ಬಿಟ್ಟು, ಎರಡು ಮಾರು ದೂರದಲ್ಲಿದ್ದ ಚಿಕ್ಕವನ ಜೇಬಿನ ಫೋನನ್ನು ಗುರುತಿಸಿ, ಒಮ್ಮೆ ಮಿಟುಕಿ ನಿಂತಿತು.

ಮೊದಲ ಗುಂಡಿ. ಸದ್ದು ಏರಿತು, ಸತ್ತವನು ಅರ್ಧಕ್ಕೆ ಬಿಟ್ಟುಹೋದ ಯಾವುದೋ ಹಾಡು ಅಂಗಡಿಯನ್ನೆಲ್ಲ ತುಂಬಿತು. ಎರಡನೆಯದು. ಇಳಿಯಿತು. ಮೂರನೆಯದು. ಹಾಡು ಬದಲಾಯಿತು. ನಾಲ್ಕನೆಯದು. ಮೌನ.

"ಫೋನಿನ ಬಟನ್ ಬೇಡ ಬಿಡಿ ಮೇಷ್ಟ್ರೆ, ಅದನ್ನ ನಾನು ಬಳಸೋದೇ ಇಲ್ಲ," ಎಂದ ಚಿಕ್ಕವನು.

"ಸಾಕು ಬಿಡಿ ಅಪ್ಪ, ಅವರಿಗೆ ಹೊತ್ತಾಯ್ತು," ಎಂದಳು ಮಗಳು.

ಎರಡು ಮಾತೂ ಒಂದೇ ಗಳಿಗೆಯಲ್ಲಿ ಬಂದವು. ಒಂದರ ಮೇಲೊಂದು ಬಿದ್ದು, ಎರಡೂ ಅಲ್ಲೇ ನಿಂತವು.

ಮೇಷ್ಟ್ರ ಹೆಬ್ಬೆರಳು ಐದನೆಯ ಗುಂಡಿಯ ಮೇಲಿತ್ತು. ತೆಗೆಯಬಹುದಿತ್ತು. ಕೀಲಿ ಕಿತ್ತು ಕೊಟ್ಟು, ಶಟರ್ ಎಳೆದು, ಮಗಳನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೋಗಬಹುದಿತ್ತು. ಒತ್ತಿ ಎಂದು ಯಾರೂ ಹೇಳಿರಲಿಲ್ಲ. ಹಾಕಿದ ಗುಂಡಿಯೊಂದನ್ನು ಒತ್ತದೆ ಬಿಟ್ಟದ್ದು ಲೋಕದಲ್ಲಿ ಅವರೊಬ್ಬರನ್ನು ಮಾತ್ರ ಕಾಡುತ್ತಿತ್ತು.

ಅವರು ಮಗಳ ಮುಖ ನೋಡಿದರು. ಅವಳು ಬೇಡ ಎಂಬಂತೆ ತಲೆಯಾಡಿಸಿದಳು, ಬಹಳ ಸಣ್ಣಗೆ.

ಒತ್ತಿದರು.

ಹಸಿರು ಪರದೆ, ಕೊನೆಯ ಕರೆಯ ಹೊತ್ತು ತೋರಿಸಿತು: ಮೂರು ಗಂಟೆ ಮೂವತ್ತೈದು. ಆ ಹೊತ್ತಿಗೆ ಫ್ಲಾಸ್ಕಮ್ಮ ಸ್ಟೂಲಿನ ಮೇಲೆ ಕರ್ಚೀಫು ಹಾಸುತ್ತಿದ್ದರು, ಚಿಕ್ಕವನು ಎದುರಿನ ಟೀ ಅಂಗಡಿಯಲ್ಲಿದ್ದ. ಆಮೇಲೆ ಪರದೆಯ ಮೇಲೆ ಹೆಸರು ಸರಿದುಬಂತು. ಇಂಗ್ಲಿಷಿನ ಐದು ಅಕ್ಷರ. ಮೇಷ್ಟ್ರು ಪೊರೆ ತೆಗೆಸಿದ ಕಣ್ಣಿನಲ್ಲಿ ಒಂದೊಂದಾಗಿ ಕೂಡಿಸಿ ಓದಿದರು.

ಗುಬ್ಬಿ.

ಮಗಳ ಏಪ್ರನ್ನಿನ ಜೇಬಿನಲ್ಲಿ ಫೋನು ಹಾಡತೊಡಗಿತು. ಅವಳು ಅದನ್ನು ತೆಗೆಯಲಿಲ್ಲ. ಫ್ಲಾಸ್ಕಮ್ಮ ಫ್ಲಾಸ್ಕನ್ನು ನೆಲದ ಮೇಲಿಟ್ಟು ಎದ್ದು ನಿಂತರು.

ಮೇಷ್ಟ್ರು ನಿಯಮದಂತೆ ಇನ್ನೂ ಎರಡು ಸಲ ಒತ್ತಿದರು. ಐದನೆಯ ಗುಂಡಿ ಸರಿಯಾಗಿ ಕೆಲಸ ಮಾಡುತ್ತಿತ್ತು.